ಬಲಗೈಯ ಗವಸುಗಳು

ವೊಲ್ಗಾಸ್ಟ್
ಮಾರ್ಚ್ ೩, ಸೋಮವಾರ

ನನ್ನ ಮುದ್ದು ಫ್ರೌಕೆ,

ಇವತ್ತು ಸಲೂನಿಗೆ ರಜೆ. ಫೋನ್ ಇಟ್ಟುಕೊಂಡು ಅಮ್ಮ ಕಾಗದ ಬರೆಯಲು ಯಾಕೆ ಕೂತಳು ಅಂತ ನಿನಗೆ ಅನ್ನಿಸುತ್ತದೆ. ಒಂದು ವಾರದಿಂದ ಫೋನಿನಲ್ಲಿ ನಾನು ಕೈಯ ವಿಷಯ ತೆಗೆದರೆ ಸಾಕು, ನೀನು ಹವಾಮಾನದ ಮಾತಿಗೆ ಹಾರುತ್ತೀಯ. ಕಾಗದ ಓದುವಾಗ ಅಡ್ಡ ಬಾಯಿ ಹಾಕಲು ಆಗುವುದಿಲ್ಲ. ಪೂರ್ತಿ ಓದು.

ಮೊದಲು ನನ್ನ ಸಿಟ್ಟನ್ನೆಲ್ಲ ಕಾರಿಕೊಳ್ಳುತ್ತೇನೆ, ಸಹಿಸಿಕೋ. ಹದಿನಾರನೇ ವಯಸ್ಸಿನಿಂದ ಊರಿನವರ ತಲೆ ತೊಳೆದು, ಬಣ್ಣ ಹಚ್ಚಿ, ಕೂದಲು ಕತ್ತರಿಸಿ ನನ್ನ ಎರಡೂ ಕೈ ಇಸುಬಿನಿಂದ ಒಡೆದುಹೋದವು. ಬೇಸಿಗೆ ಬರುವುದರೊಳಗೆ ಕೈ ಸುಧಾರಿಸದಿದ್ದರೆ ಈ ಕೆಲಸ ಬಿಡಿ, ಕಚೇರಿ ಕೆಲಸ ಕಲಿಯಿರಿ ಅಂತ ನನ್ನ ಚಿಕಿತ್ಸೆಗೆ ದುಡ್ಡು ಕೊಡುವ ವಿಮೆಯವರು ಬರೆದಿದ್ದಾರೆ. ಈ ವಯಸ್ಸಿನಲ್ಲಿ ನಾನು ಯಾರ ಫೈಲು ಜೋಡಿಸಲಿ, ಹೇಳು? ಕತ್ತರಿ ಕೆಳಗಿಟ್ಟರೆ ನನ್ನ ಹತ್ತಿರ ಉಳಿಯುವುದೇನು?

ಆಗ ನೀನೇ ಅಲ್ಲವೇ ಹೇಳಿದ್ದು, "ಅಮ್ಮಾ, ನಮ್ಮ ಆಸ್ಪತ್ರೆಲಿ ತಣ್ಣನೆ ಪ್ಲಾಸ್ಮಾ ಅಂತ ಒಂದು ಪ್ರಯೋಗ ಶುರುವಾಗಿದೆ, ಗುಣ ಆಗೇ ಆಗುತ್ತೆ ಅಂತ ನಾನು ಹೇಳಲ್ಲ, ಆದ್ರೂ ಒಂದ್ಸಲ ಬಾ" ಅಂತ. ಬಂದೆ. ನಿಮ್ಮ ಡಾಕ್ಟರ್ ಹಾಗೆನೌ ಒಳ್ಳೆಯ ಮನುಷ್ಯ, ಎಲ್ಲ ಬಿಡಿಸಿ ಹೇಳಿದರು. ಒಂದು ಕೈಗೆ ಪ್ಲಾಸ್ಮಾ, ಅಂದರೆ ಕರೆಂಟಿನಿಂದ ಹೊಳೆಯುವ ಗಾಳಿ, ಇನ್ನೊಂದಕ್ಕೆ ಬರೀ ಗಾಳಿ, ಯಾವ ಕೈಗೆ ಯಾವುದು ಅನ್ನುವುದು ಚೀಟಿ ಎತ್ತಿದ ಹಾಗೆ. ಮನೆಗೆ ಹೋದ ಮೇಲೆ ಎರಡೂ ಕೈಯನ್ನು ಒಂದೇ ರೀತಿ ನೋಡಿಕೊಳ್ಳಬೇಕು, ಒಂದಕ್ಕೆ ಗವಸು ಹಾಕಿದರೆ ಇನ್ನೊಂದಕ್ಕೂ ಹಾಕಬೇಕು. ಇಷ್ಟೇ ಅವರು ಕೇಳಿದ್ದು.

ಯಾವ ಕೈಗೆ ಯಾವುದು ಅಂತ ನನಗೆ ಗೊತ್ತಾಗಬಾರದೆಂದು ಕಿಟಕಿ ಕಡೆ ಮುಖ ಮಾಡಿ ಕೂರಿಸುತ್ತಿದ್ದರು. ಜೀವನವಿಡೀ ಗಿರಾಕಿಗಳ ಮುಖವನ್ನು ಕನ್ನಡಿಯಲ್ಲೇ ಓದಿದವಳು ನಾನು. ನನಗೆ ಕಿಟಕಿಯ ಗಾಜು ಸಾಲದೇ? ಪೆನ್ನಿನಂಥ ಆ ಯಂತ್ರದ ತುದಿಯಲ್ಲಿ ನೇರಳೆ ಬಣ್ಣದ ಪುಟ್ಟ ಉರಿ. ನೋಡಿದರೆ ಬೆಂಕಿ, ಮುಟ್ಟಿದರೆ ಬಿಸಿಯೇ ಇಲ್ಲ. ಅದು ಎಡಗೈ ಮೇಲೆ ಓಡಾಡುವುದನ್ನು ಮೊದಲ ದಿನವೇ ಕಂಡೆ. ಎಡಗೈ! ಕತ್ತರಿ ಹಿಡಿಯುವ ಬಲಗೈಗೆ ಗಾಳಿ, ಬಾಚಣಿಗೆ ಹಿಡಿಯುವ ಎಡಗೈಗೆ ರಾಜೋಪಚಾರ. ಬಸ್ಸಿನಲ್ಲಿ ವಾಪಸು ಬರುವಾಗ ಅಳು ಬಂದಿತ್ತು. ನಿನಗೆ ಹೇಳಲಿಲ್ಲ.

ಆಮೇಲೆ ಎಡಗೈ ಸುಧಾರಿಸತೊಡಗಿತು. ಬೆರಳ ಸಂದಿನ ಬಿರುಕು ಕೂಡಿಕೊಂಡಿತು, ತುರಿಕೆ ನಿಂತಿತು. ಫ್ರೌಕೆ, ಆ ಸಂತೋಷಕ್ಕೆ ನನ್ನ ತಲೆ ಕೆಟ್ಟಿತು. ಆ ಕೈ ಮತ್ತೆ ನೀರಿಗೆ ಬಿದ್ದರೆ ಎಲ್ಲಿ ಹಾಳಾಗುತ್ತದೋ ಅಂತ ಭಯ. ಪಾತ್ರೆ ತೊಳೆಯುವಾಗ, ತಲೆ ತೊಳೆಯುವಾಗ, ಬಣ್ಣ ಕಲಸುವಾಗ ಎಡಗೈಗೆ ಗವಸು ಹಾಕಿದೆ. ಬಲಗೈ ಹೇಗೂ ಕೆಟ್ಟುಹೋಗಿದೆ, ಗವಸಿನೊಳಗೆ ಬೆವತರೆ ಇನ್ನೂ ಉರಿಯುತ್ತದೆ, ಅದೇ ದುಡಿಯಲಿ ಅಂತ ಬಿಟ್ಟೆ. ಲ್ಯೂಟ್ಕೆ ಅಜ್ಜಿ ಬೇಸಿನ್‌ಗೆ ತಲೆ ಒಡ್ಡಿಕೊಂಡೇ, "ಏನೇ ಹೈಡ್ರುನ್, ಒಂದ್ ಕೈಗೆ ರಜಾ ಕೊಟ್ಟಿದ್ದೀಯಾ? ಅರ್ಧ ಕೈಲಿ ತೊಳೆದ್ರೆ ನಾನೂ ಅರ್ಧ ದುಡ್ಡೇ ಕೊಡೋದು" ಅಂತ ಸಲೂನಿನವರನ್ನೆಲ್ಲ ನಗಿಸಿದಳು. ನಾನೂ ನಕ್ಕೆ. ಪ್ರತಿ ಸಲ ಆಸ್ಪತ್ರೆಯಲ್ಲಿ ಕೇಳಿದಾಗ, ಎರಡೂ ಕೈ ಒಂದೇ ಸಮ ಅಂತ ಹೇಳಿ ಬಂದೆ.

ಈಗ ಆ ಕೈಯನ್ನು ಗುಣ ಮಾಡಿದ್ದು ನೇರಳೆ ಉರಿಯೋ, ರಬ್ಬರ್ ಗವಸೋ ಅಂತ ದೇವರಿಗೂ ಗೊತ್ತಿಲ್ಲ. ಇದನ್ನು ನೆನೆದರೆ ನನ್ನ ತಲೆ ನಾನೇ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ. ನಿಜವಾಗಿ ಆ ಉರಿಯಿಂದಲೇ ವಾಸಿಯಾಗಿದ್ದರೆ, ನನ್ನ ಬಲಗೈಗೂ ಅದನ್ನು ಕೊಡಿ ಅಂತ ವಿಮೆಯವರ ಮುಂದೆ ಮೇಜು ಕುಟ್ಟಿ ಕೇಳಬಹುದಿತ್ತು. ಆ ದಾರಿಯನ್ನು ನಾನೇ ಮುಚ್ಚಿಕೊಂಡೆ. ಇನ್ನು ಯಾರನ್ನು ಬೈಯಲಿ?

ಹದಿನೈದು ದಿನದ ಹಿಂದೆ ನೀನು ಕುಣಿದಾಡುತ್ತಾ ಫೋನ್ ಮಾಡಿದೆ. "ಹೆಸರಿಲ್ಲದ ಫೋಟೋಗಳಲ್ಲಿ ಹೆಬ್ಬೆರಳ ಬುಡದ ಕತ್ತರಿ ಗಾಯ ನೋಡಿ ಗುರುತು ಹಿಡಿದೆನಮ್ಮಾ, ಇಡೀ ಪ್ರಯೋಗದಲ್ಲಿ ನಿನ್ನ ಎಡಗೈಯೇ ಎಲ್ಲಕ್ಕಿಂತ ಚೆನ್ನಾಗಿದೆ" ಅಂದೆ. ಬರುವ ಶುಕ್ರವಾರ ಹ್ಯಾಂಬರ್ಗಿನ ವೈದ್ಯರ ಸಭೆಯಲ್ಲಿ ಅದನ್ನೇ ಪರದೆ ಮೇಲೆ ತೋರಿಸುತ್ತೀಯಂತೆ. ನಿನ್ನ ಕೆಲಸ ಮುಂದುವರಿಯುವುದೂ ಆ ದಿನದ ಮೇಲೆ ನಿಂತಿದೆ ಅಂತ ನನಗೆ ಗೊತ್ತು. ಆದರೂ ಹೇಳುತ್ತೇನೆ, ತೋರಿಸಬೇಡ. ಅದನ್ನು ನಂಬಿ ನನ್ನಂಥ ಇನ್ನೊಬ್ಬಳು ಬಸ್ಸು ಹತ್ತಿ ಬರುತ್ತಾಳೆ. ಡಾಕ್ಟರ್ ಹಾಗೆನೌಗೆ ಈ ಕಾಗದ ತೋರಿಸು. ಸುಳ್ಳು ಹೇಳಿದವಳು ನಾನು, ಬೈಗುಳ ನನಗೆ ಬರಲಿ. ಅವರು ನನ್ನನ್ನು ಪಟ್ಟಿಯಿಂದ ಹೊರಗೆ ಹಾಕಲಿ. ಇಷ್ಟೆಲ್ಲ ಆದ ಮೇಲೂ ಮೊದಲಿನಿಂದ ಶುರುಮಾಡೋಣ ಅಂದರೆ ಬರುತ್ತೇನೆ. ಈ ಸಲ ಕಣ್ಣಿಗೆ ಬಟ್ಟೆ ಕಟ್ಟಲು ಹೇಳು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬರೀ ಬ್ರೆಡ್ ಕಚ್ಚಿಕೊಂಡು ಓಡಬೇಡ.

ಸಿಟ್ಟಿದ್ದರೂ ನಿನ್ನವಳೇ ಆದ
ಅಮ್ಮ

ಮರೆತಿದ್ದು, ಬೇರೆ ಹಾಳೆಯಲ್ಲಿ, ನಿನಗೆ ಮಾತ್ರ: ಎಂಟು ದಿನದ ಹಿಂದೆ, ಭಾನುವಾರ ಹೆರಿಂಗ್ ಮೀನು, ಆಲೂಗಡ್ಡೆ ಉಂಡ ಮೇಲೆ ಪಾತ್ರೆ ಸೋಪು ಹುಡುಕುತ್ತಾ ಸಿಂಕಿನ ಕೆಳಗಿನ ಬಾಗಿಲು ತೆರೆದೆಯಲ್ಲ, ಅಲ್ಲಿ ಹಳದಿ ಗವಸುಗಳ ರಾಶಿ ಇತ್ತು. ಎಲ್ಲವೂ ಬಲಗೈಯವು, ಒಂದೂ ನೀರು ಕಂಡಿಲ್ಲ. ನೀನು ಒಂದನ್ನು ಎತ್ತಿ ನೋಡಿದೆ, ಇನ್ನೊಂದನ್ನು ಎತ್ತಿ ನೋಡಿದೆ, ಸದ್ದಾಗದ ಹಾಗೆ ಬಾಗಿಲು ಮುಚ್ಚಿ ನಾಳೆ ಮಳೆ ಬರಬಹುದು ಅಂದೆ. ಅಡುಗೆಮನೆ ಕಿಟಕಿಯ ಗಾಜಿನಲ್ಲಿ ನಿನ್ನ ಮುಖ ನನಗೆ ಕಾಣುತ್ತಿತ್ತು ಮಗಳೇ. ಆ ಗವಸುಗಳನ್ನೆಲ್ಲ ಈ ಕಾಗದದ ಜೊತೆ ಕಳಿಸುವ ಪೊಟ್ಟಣದಲ್ಲಿ ಇಟ್ಟಿದ್ದೇನೆ. ಅಮ್ಮ ತಾನಾಗಿಯೇ ಕಳಿಸಿದಳು ಅಂತ ಹೇಳಿ ಡಾಕ್ಟರ ಕೈಗೆ ಕೊಡು. ಯಾರು ಕೇಳಿದರೂ, ನೀನು ಆ ಬಾಗಿಲು ತೆರೆಯಲೇ ಇಲ್ಲ.