ಕಪ್ಪು ಟೇಪು ಅಂಟಿಸಿದ ಕ್ಯಾಮೆರಾ

ಮಾಮಾ,

ಕ್ಷೇಮ ಕೇಳಿ ಶುರು ಮಾಡುವುದು ಪದ್ಧತಿ. ನಿಮ್ಮನ್ನು ಏನೆಂದು ಕೇಳಲಿ? ನೀವು ಹೋಗಿ ಹನ್ನೊಂದು ತಿಂಗಳಾಯಿತು. ನಾನು ಚೆನ್ನಾಗಿದ್ದೇನೆ, ಚಿತ್ತಾಪುರದ ನಿಮ್ಮ ಸ್ಟುಡಿಯೋ ನಡೆಯುತ್ತಿದೆ. ಬೋರ್ಡಿನ ಮೇಲೆ ನಿಮ್ಮ ಹೆಸರು ಇನ್ನೂ ಇದೆ, ಅಳಿಸಲು ಪೇಂಟರ್ ಸಿಕ್ಕಿಲ್ಲ ಅಷ್ಟೆ. ಇದನ್ನು ಓದಿದರೆ ಸಿಟ್ಟಾಗುತ್ತೀರಿ. ಆಗಿ. ಇದಕ್ಕಿಂತ ಕೆಟ್ಟದ್ದು ಮುಂದಿದೆ.

ತೊಂಬತ್ತನಾಲ್ಕರ ಬೇಸಿಗೆ ನೆನಪಿದೆಯೇ? ಹೆಂಗಸರ ಫೋಟೋ ತೆಗೆಯಲು ಹೆಣ್ಣೇ ಬರಬೇಕೆಂದು ಮದುವೆ ಮನೆಯವರು ಕೇಳತೊಡಗಿದ್ದರು. ಅದಕ್ಕೆಂದು ನಿಮ್ಮ ಅಕ್ಕನ ಮಗಳಾದ ನನ್ನನ್ನು ಸೇಡಂನಿಂದ ಕರೆತಂದಿರಿ. ಮೊದಲ ದಿನವೇ ಟವೆಲಿನಿಂದ ನನ್ನ ಕಣ್ಣು ಕಟ್ಟಿ ಕ್ಯಾಮೆರಾ ಕೈಗಿಟ್ಟಿರಿ. ಅದರಲ್ಲಿ ತಿರುಗಿಸುವಂಥವು ಮೂರೇ: ಲೆನ್ಸಿನ ಸುತ್ತ ಬೆಳಕಿಗೊಂದು ಬಳೆ, ದೂರಕ್ಕೊಂದು ಬಳೆ, ನೆತ್ತಿಯ ಮೇಲೆ ವೇಗದ ಚಕ್ರ. “ಮಟಮಟ ಮಧ್ಯಾಹ್ನ, ರಾವೂರಿನ ಕಲ್ಲಿನ ಖಣಿ. ಇಡು” ಅನ್ನುತ್ತಿದ್ದಿರಿ. ನಾನು ಬಳೆಯ ಕಟಕಟ ಸದ್ದನ್ನು ಬೆರಳಲ್ಲೇ ಎಣಿಸಿ ಇಡಬೇಕು. ಖಣಿಯ ಬಿಳಿ ಧೂಳು ಬೆಳಕನ್ನು ಇಮ್ಮಡಿ ಮಾಡುತ್ತದೆ, ಅಲ್ಲಿ ಇನ್ನೊಂದು ಕಟಕು ಮುಚ್ಚಬೇಕು ಎನ್ನುವುದನ್ನು ಮರೆತರೆ ಸ್ಕೇಲಿನ ಅಂಚು ಬೆರಳ ಗೆಣ್ಣಿನ ಮೇಲೆ ಬೀಳುತ್ತಿತ್ತು. ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರು ಬೆಂಚಿನ ಮೇಲೆ ಕುಳಿತು ನಗುತ್ತಿದ್ದರು. ನೀವೂ ನಗುತ್ತಿದ್ದಿರಿ. ಹೊಡೆತ ಮರೆತಿದ್ದೇನೆ, ಆ ನಗು ಮರೆತಿಲ್ಲ. ಮೂರು ತಿಂಗಳಲ್ಲಿ ನನ್ನ ಕೈ ಕಣ್ಣಿನ ಹಂಗಿಲ್ಲದೆ ಕೆಲಸ ಮಾಡತೊಡಗಿತು, ಅದನ್ನು ಇಲ್ಲವೆನ್ನಲಾರೆ. ಆದರೆ ಒಂದು ಸಲವಾದರೂ ಶಹಬ್ಬಾಸ್ ಎಂದು ನೀವು...

ಹತ್ತು ವರ್ಷದ ಮೇಲೆ ನಾನು ಹೈದರಾಬಾದಿನಿಂದ ಡಿಜಿಟಲ್ ಕ್ಯಾಮೆರಾ ತಂದೆ. ನೀವು ಅದನ್ನು ಅಂಗೈಯಲ್ಲಿ ತಿರುಗಿಸಿ ಮುರುಗಿಸಿ ಬಳೆ ಹುಡುಕಿದಿರಿ. ಬಳೆ ಎಲ್ಲಿಂದ ಬರಬೇಕು? ಮೇಲಿನ ಚಕ್ರದಲ್ಲಿ ಗುಡ್ಡ, ಹೂವು, ಓಡುವ ಮನುಷ್ಯನ ಚಿತ್ರ. ಇದೇನು ಬಾಲವಾಡಿ ಪುಸ್ತಕವೇ ಎಂದು ಕೇಳಿದಿರಿ. ಹಿಂದಿನ ಒಂದೇ ಗುಂಡಿ ಒಮ್ಮೆ ಫ್ಲ್ಯಾಷ್ ಬದಲಿಸುತ್ತಿತ್ತು, ಪರದೆ ಬದಲಾದರೆ ಅದೇ ಗುಂಡಿ ಫೋಟೋ ಅಳಿಸುತ್ತಿತ್ತು. ನೀವು ಅದನ್ನು ಮೇಜಿನ ಮೇಲಿಟ್ಟಿರಿ.

“ಒಂದು ಕೆಲಸಕ್ಕ ಒಂದೇ ಜಾಗಾ ಇರಬೇಕು, ಸುನಂದಾ. ಕೈಗಿ ಗೊತ್ತಾಗಬೇಕು. ಇದು ಪ್ರತಿ ಸಲಾ ಓದು ಅಂತದ.”

ನೀವು ಹೇಳಿದ್ದು ನಿಜವೆಂದು ನನಗೆ ಅವತ್ತೇ ಗೊತ್ತಿತ್ತು. ಒಪ್ಪಿಕೊಳ್ಳಬೇಕಿತ್ತೇ? ನನ್ನ ಸರದಿ ಆಗಷ್ಟೇ ಬಂದಿತ್ತಲ್ಲ ಮಾಮಾ. ನಿಮಗೆ ವಯಸ್ಸಾಯಿತು ಎಂದೆ.

ಶಹಾಬಾದಿನ ಆ ಮದುವೆಯಲ್ಲಿ ನೀವು ತೀರ ಹತ್ತಿರದ್ದನ್ನು ತೆಗೆಯಲೆಂದಿದ್ದ ಹೂವಿನ ಚಿತ್ರಕ್ಕೆ ಚಕ್ರ ತಿರುಗಿಸಿ ಬೀಗರ ಗುಂಪನ್ನೆಲ್ಲ ಮಸುಕು ಮಾಡಿದಿರಿ. ನಾನು ವೈರಿಂಗ್‌ನವರ ಕಪ್ಪು ಟೇಪು ಕೇಳಿ ತಂದು, ಮಂಟಪದ ಮುಂದೆ, ಎಲ್ಲರೂ ನೋಡುತ್ತಿರುವಾಗ, ಚಕ್ರಕ್ಕೂ ಗುಂಡಿಗಳಿಗೂ ಒಂದೊಂದಾಗಿ ಅಂಟಿಸಿದೆ. ಫೋಟೋ ತೆಗೆಯುವ ಗುಂಡಿ ಒಂದನ್ನೇ ಬಿಟ್ಟೆ. “ಇದೊಂದೇ ಒತ್ತರಿ ಮಾಮಾ, ಬ್ಯಾರೆ ಏನೂ ಮುಟ್ಟಬ್ಯಾಡ್ರಿ” ಎಂದೆ. ವರನ ಕಡೆಯವರು ನಕ್ಕರು. ನನಗೆ ನಗು ತಡೆಯಲಾಗಲಿಲ್ಲ, ತಡೆಯಬೇಕೆಂದೂ ಅನ್ನಿಸಲಿಲ್ಲ. ನೀವು ಆ ಒಂದೇ ಗುಂಡಿ ಒತ್ತುತ್ತ ಊಟದ ಪಂಕ್ತಿಯವರೆಗೂ ನಿಂತಿರಿ. ಆಮೇಲೆ ಟೇಪು ತೆಗೆಯಬಹುದಿತ್ತು. ತೆಗೆಯಲಿಲ್ಲ.

ಸುಲೇಪೇಟದಿಂದ ಸಾವಿನ ಕರೆ ಬಂದಾಗ ನಾನು ಬೇರೆ ಮದುವೆಯಲ್ಲಿದ್ದೆ, ನೀವೊಬ್ಬರೇ ಹೋದಿರಿ. ಬದುಕಿದ್ದಾಗ ಒಂದೂ ಫೋಟೋ ತೆಗೆಸಿರದ ಮುದುಕಿ. ನಮ್ಮಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಮನೆಯವರು ಅಕ್ಕಪಕ್ಕ ಕುಳಿತು ಕೊನೆಯ ಫೋಟೋ ತೆಗೆಸುತ್ತಾರೆ. ಸತ್ತವರ ಮುಖಕ್ಕೆ ಫ್ಲ್ಯಾಷ್ ಹೊಡೆಯಬಾರದು, ಕಿಟಕಿಯ ಬೆಳಕು ಸಾಕು, ಅವರು ಅಲುಗಾಡುವುದಿಲ್ಲ, ವೇಗ ಇಳಿಸು ಎಂದು ನನಗೆ ಕಲಿಸಿದವರು ನೀವು. ಟೇಪು ಸುತ್ತಿದ ಕ್ಯಾಮೆರಾ ತನ್ನಷ್ಟಕ್ಕೇ ಫ್ಲ್ಯಾಷ್ ಹೊಡೆಯಿತು. ನೀವು ಟೇಪು ಕಿತ್ತು, ಫ್ಲ್ಯಾಷ್ ನಿಲ್ಲಿಸಲು ಪರದೆಯಿಂದ ಪರದೆಗೆ ಹೋಗಿ, ಅದು ಕೇಳಿದ ಯಾವುದಕ್ಕೋ ಹೌದು ಅಂದಿರಿ. ತೆಗೆದ ಫೋಟೋಗಳಿದ್ದ ಕಾರ್ಡು ಪೂರ್ತಿ ಖಾಲಿಯಾಯಿತು.

ಮುದುಕಿಯ ಮಗ ಫೋಟೋ ಕೇಳಲು ಬಂದಾಗ ಅವಳು ಮಣ್ಣಿಗೆ ಹೋಗಿ ವಾರವಾಗಿತ್ತು. ಅವನು ಅಳುತ್ತ ಬಾಯಿಗೆ ಬಂದಂತೆ ಬೈದ. ನೀವು ತಪ್ಪಾಗಿದೆ ಎಂದು ಕೈಮುಗಿದು, ನನ್ನ ಕಡೆ ತಿರುಗಿ, “ಸುನಂದಾ, ನನ್ನ ಚೀಲದಾಗ...” ಎಂದಿರಿ.

“ಸುಮ್ಮ ಕುಂದ್ರಿ ಮಾಮಾ. ಇನ್ನ ನೀವು ಕ್ಯಾಮೆರಾ ಮುಟ್ಟೂದೇ ಬ್ಯಾಡ.”

ನೀವು ಕುಳಿತಿರಿ. ಅದೇ ಕುರ್ಚಿಯಲ್ಲಿ ಎರಡು ವರ್ಷ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತ ಕುಳಿತಿರಿ. ಚೀಲದಲ್ಲಿ ಏನಿತ್ತೆಂದು ನಾನು ಕೇಳಲಿಲ್ಲ, ನೀವೂ ಮತ್ತೆ ಬಾಯಿ ಬಿಡಲಿಲ್ಲ.

ನಿಮ್ಮನ್ನು ಗೋಡೆಗೆ ಒರಗಿಸಿ ಕೂರಿಸಿದ ದಿನ ನಾನೇ ಫೋಟೋ ತೆಗೆದೆ. ಹೊಸ ಕ್ಯಾಮೆರಾ, ಮುಖ ತಾನೇ ಗುರುತಿಸುವಂಥದ್ದು. ಒತ್ತಿದ ಕೂಡಲೇ ಪರದೆಯ ಮೇಲೆ ಇಂಗ್ಲಿಷಿನಲ್ಲಿ ಬರಹ ಬಂತು: ಯಾರೋ ಕಣ್ಣು ಮುಚ್ಚಿದರೇ? ಮತ್ತೆ ತೆಗೆದೆ, ಮತ್ತೆ ಅದೇ ಪ್ರಶ್ನೆ. ನಿಲ್ಲಿಸಲು ಹುಡುಕಿದೆ. ಮೂರನೆಯ ಪರದೆಯೋ, ನಾಲ್ಕನೆಯದೋ? ಊರಿಗೆಲ್ಲ ಡಿಜಿಟಲ್ ಕಲಿಸಿದವಳಿಗೆ ಸಿಗಲಿಲ್ಲ. ಹೊರುವವರು ಕಾಯುತ್ತಿದ್ದರು. ಅದೇನು ಬರೆದಿದೆ ಎಂದು ಅತ್ತೆ ಕೇಳಿದಾಗ ಬ್ಯಾಟರಿ ಕಡಿಮೆ ಎಂದು ಸುಳ್ಳು ಹೇಳಿದೆ. ಆಮೇಲೆ ಎದ್ದುಹೋಗಿ ಗೂಟದಲ್ಲಿದ್ದ ನಿಮ್ಮ ಚೀಲದಿಂದ ಹಳೆಯ ಕ್ಯಾಮೆರಾ ತೆಗೆದೆ. ಒಳಗೆ ರೀಲು ಇತ್ತು, ಐದು ಫೋಟೋ ಉಳಿದಿದ್ದವು. ಕಣ್ಣು ಮುಚ್ಚಿ, ಕಟಕು ಎಣಿಸಿ, ವೇಗ ಇಳಿಸಿ ಐದನ್ನೂ ತೆಗೆದೆ.

ಗುಲ್ಬರ್ಗದಲ್ಲಿ ರೀಲು ತೊಳೆಸಿದೆ. ನಾನು ತೆಗೆದ ನಿಮ್ಮ ಐದೂ ಹಾಳಾಗಿವೆ. ಬೆಳಕು ಸರಿಯಾಗಿದೆ, ಕೈ ನಡುಗಿದೆ. ಅಲುಗಾಡದ ನಿಮ್ಮನ್ನೂ ಅಲುಗಾಡಿಸಿಬಿಟ್ಟಿದ್ದೇನೆ. ಅದಕ್ಕಿಂತ ಹಿಂದಿನ ಒಂದು ಫೋಟೋದಲ್ಲಿ ಸುಲೇಪೇಟದ ಆ ಮುದುಕಿ ಕುಳಿತಿದ್ದಳು. ಕಿಟಕಿಯ ಬೆಳಕು, ಫ್ಲ್ಯಾಷ್ ಇಲ್ಲ, ಹಣೆಯ ಗೆರೆ ಒಂದೊಂದೂ ಕಾಣುತ್ತಿತ್ತು. ಅಳುವ ಮನೆಯಲ್ಲಿ ನೀವು ಕ್ಯಾಮೆರಾ ಬದಲಿಸಿದ್ದನ್ನು ಯಾರು ನೋಡಿರುತ್ತಾರೆ? ಎರಡು ವರ್ಷ, ಮಾಮಾ. ತಾಯಿಯ ಮುಖಕ್ಕಾಗಿ ಅತ್ತುಹೋದವನನ್ನು ನೆನೆದಾದರೂ ಹೇಳಬಾರದಿತ್ತೇ? ಇಲ್ಲ, ನಾನಾಗಿ ಬಂದು ಕೇಳಲಿ ಎಂದು ಕಾದಿರಿ. ನೀವೇನು ಒಳ್ಳೆಯ ಮನುಷ್ಯರಾಗಿರಲಿಲ್ಲ.

ನಿಮಗೆ ಗೊತ್ತಿಲ್ಲದ ಸುದ್ದಿ ಇದು. ದೊಡ್ಡ ಪ್ರಿಂಟು ಹಾಕಿಸಿ ಸುಲೇಪೇಟಕ್ಕೆ ಹೇಳಿ ಕಳಿಸಿದೆ. ಮಗ ಬಂದ, ಫೋಟೋವನ್ನು ಎದೆಗೆ ಒತ್ತಿಕೊಂಡ.

“ಅಳಿಸಿಹೋಗಿತ್ತಲ್ರೀ ಅಕ್ಕಾ. ಇದು ಹ್ಯಾಂಗ ಬಂತು?”

ನಿಮ್ಮ ಕುರ್ಚಿ ಅಲ್ಲೇ ಇತ್ತು. ನಿಮ್ಮ ಹೆಸರು ಗಂಟಲಿನವರೆಗೂ ಬಂದಿತ್ತು.

“ಕಂಪ್ಯೂಟರ್‌ನಾಗ ಹುಡುಕಿ ನಾನೇ ತಗದೆ” ಎಂದೆ.

“ನಿಮ್ಮ ಮಾಮಾ ಕಳದಿದ್ದು ನೀವು ಹುಡುಕಿ ಕೊಟ್ರಿ” ಎಂದು ಅವನು ನನ್ನ ಕಾಲು ಮುಟ್ಟಿದ. ನಾನು ಬೇಡವೆನ್ನಲಿಲ್ಲ.

ನೆಗೆಟಿವ್ ನನ್ನ ಬಳಿಯೇ ಇದೆ. ಅದನ್ನು ಅವನ ಕೈಗಿಟ್ಟು, ಇದನ್ನು ತೆಗೆದವರು ಮಾಮಾ ಎಂದು ಹೇಳಿ ಬರುತ್ತೇನೆಂದು ನಿಮಗೆ ಮಾತು ಕೊಡಲೆಂದೇ ಈ ಕಾಗದ ಶುರು ಮಾಡಿದೆ. ಸುಲೇಪೇಟಕ್ಕೆ ಸೇಡಂ ಮೇಲೆ ಬಸ್ಸಿದೆ, ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು. ಇದನ್ನು ಬರೆಯುತ್ತಿರುವಾಗಲೇ ಇವತ್ತಿನ ಎರಡೂ ಹೋದವು.

ನಿಮ್ಮ ಅಕ್ಕನ ಮಗಳು,
ಸುನಂದಾ