ಹಸುವಿನ ಮುಂದಿನ ಬ್ರೇಕು

ಲಾಸ್ ಸಬೀನಾಸ್, ನ್ಯೂ ಮೆಕ್ಸಿಕೊ
ಗರಿಗಳ ಭಾನುವಾರದ ಮರುದಿನ

ಮಗಳು ಒರಾಲಿಯಾಳಿಗೆ ನಿನ್ನ ತಾಯಿ ಬರೆಯುವುದು.

ನಾನು ಕಾಗದ ಬರೆಯುವವಳಲ್ಲ. ಹೇಳಬೇಕಾದ್ದನ್ನು ಎದುರಿಗೇ ಹೇಳಿ ಮುಗಿಸುವವಳು ಎಂದು ಊರಿಗೆಲ್ಲ ಗೊತ್ತು. ಒಂದು ಮಾತು ಮಾತ್ರ ವರ್ಷದಿಂದ ಬಾಯಿಗೆ ಬಾರದೆ ಉಳಿದಿದೆ. ಮೊನ್ನೆ ಶನಿವಾರ ನೀನು ಗಾಡಿಯ ಚಕ್ರದ ಬಳಿ ಮಲಗಿದ್ದಾಗಲೂ ಬರಲಿಲ್ಲ. ಅಂಚೆಯ ಮೇಲೆ ನನಗೆ ನಂಬಿಕೆಯಿಲ್ಲ, ನಿನ್ನ ಮಾವ ಎಲಿಸೆಯೊ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಂತುಕೊಂಡು ಓದಬೇಡ, ಕೂತು ಓದು.

ಈ ಒಂದು ವರ್ಷ ನನಗೆ ಒಂದೇ ಕನಸು. ಶುಭ ಶುಕ್ರವಾರದ ಬೆಳಗು, ನಮ್ಮೂರಿನ ಜನ ಪ್ರತಿ ವರ್ಷದ ಯಾತ್ರೆಯಂತೆ ಚಿಮಾಯೊ ಇಗರ್ಜಿಗೆ ಇಳಿಜಾರಿನಲ್ಲಿ ನಡೆದು ಹೋಗುತ್ತಿದ್ದಾರೆ, ಅವರ ಹಿಂದೆ ಗಾಡಿಯಲ್ಲಿ ನಾನು. ಕಣಿವೆಯಿಂದ ಮೇಲೇರಿದ ಮಂಜು ಅವರ ಮೊಣಕಾಲಿನವರೆಗೂ ಬಂದಿದೆ. ಪಾದಗಳೇ ಇಲ್ಲದೆ ತೇಲುತ್ತಿರುವಂತೆ ಕಾಣುತ್ತಾರೆ. ನಾನು ಬ್ರೇಕಿನ ಮೇಲೆ ಕಾಲಿಡುತ್ತೇನೆ. ಅಲ್ಲಿ ಏನೂ ಇಲ್ಲ. ಕಾಲು ಇಳಿಯುತ್ತಲೇ ಹೋಗುತ್ತದೆ, ಬಾವಿಗೆ ಬಿಟ್ಟ ಹಗ್ಗದ ಹಾಗೆ. ಆದರೂ ಕನಸಿನಲ್ಲಿ ನನಗೆ ಭಯವಾಗುವುದಿಲ್ಲ. ಪ್ರಾರ್ಥನೆ ಅಷ್ಟು ಇಂಪಾಗಿ ಕೇಳುತ್ತಿರುತ್ತದೆ. ಭಯವೆಲ್ಲ ಎದ್ದ ಮೇಲೆ.

ಆ ಗಾಡಿಯನ್ನು ನಿಮ್ಮಪ್ಪ ತಂದಾಗ ನೀನು ನಾಲ್ಕನೇ ತರಗತಿಯಲ್ಲಿದ್ದೆ. ಒಂಬತ್ತು ಜನ ಕೂರುವ ಗಾಡಿ. ಏಳಲೂ ನಿಧಾನ, ನಿಲ್ಲಲೂ ನಿಧಾನ ಅಂತ ಅವರೇ ಅದಕ್ಕೆ ಹಸು ಎಂದು ಹೆಸರಿಟ್ಟರು. ಅವರು ತೀರಿಹೋದ ಮೇಲೆ, ನಡೆಯುವವರ ಬೆನ್ನಿಗೆ ನೀರು, ಕಂಬಳಿ, ಕಾಲು ಸೋತ ಮುದುಕರನ್ನು ಹೊತ್ತುಕೊಂಡು ಹೋಗುವ ಕೆಲಸ ನನ್ನದಾಯಿತು. ಆ ಜಾಗವನ್ನು ನಾನು ಯಾರಿಗೂ ಬಿಟ್ಟುಕೊಟ್ಟಿಲ್ಲ.

ಹೋದ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ನೀನು ಬಂದು ಹೊಸ ಬ್ರೇಕ್ ಪ್ಯಾಡ್ ಹಾಕಿದೆ. ಊಟಕ್ಕೆ ಎಲ್ಲರೂ ಕೂತಿದ್ದಾಗ ಹೇಳಿದೆ: "ಅಮ್ಮ, ಪ್ಯಾಡ್ ಏನೋ ಹೊಸದು. ಆದ್ರೆ ಇಷ್ಟು ದೊಡ್ಡ ಮೈಗೆ ಈ ಬ್ರೇಕು ಸಾಲಲ್ಲ. ಆಮೇಲೆ ಬಂದ ಗಾಡಿಗಳಲ್ಲಿ ದೊಡ್ಡ ಡಿಸ್ಕ್ ಇದೆ, ನಮ್ಮದಕ್ಕೂ ಕೂರತ್ತೆ. ಮುಂದಿನ ಎರಡು ಚಕ್ರಕ್ಕೂ ಹಾಕ್ಕೊಡ್ತೀನಿ. ಅಲ್ಲೀವರೆಗೂ ಇಳಿಜಾರಲ್ಲಿ ಒಂದನೇ ಗೇರಲ್ಲೇ ಹೋಗು, ಎಂಜಿನ್ನೇ ಗಾಡೀನ ತಡೆಯತ್ತೆ."

ನಾನು ಏನಂದೆ ಅಂತ ನಿನಗೆ ನೆನಪಿದೆ. "ನಿಮ್ಮಪ್ಪ ಅಷ್ಟು ವರ್ಷ ಇದೇ ಬ್ರೇಕಲ್ಲಿ ನಿಲ್ಸಿದ್ರು. ಸ್ಕೂಲ್ ಬಸ್ಸಿನ ಕೆಳಗೆ ಮಲಗಿ ರಿಪೇರಿ ಮಾಡೋದು ಕಲಿತ ತಕ್ಷಣ ಎಲ್ಲಾ ಬಂದ್ಬಿಡತ್ತಾ?" ಎಲ್ಲರೂ ನಕ್ಕರು. ನೀನೂ ಸ್ವಲ್ಪ ನಕ್ಕು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಆ ಶುಭ ಶುಕ್ರವಾರ ಬೆಟ್ಟ ಇಳಿಯಲು ಶುರು ಮಾಡಿದಾಗ ನಾನು ಒಂದನೇ ಗೇರಿನಲ್ಲೇ ಇದ್ದೆ. ಇದು ಸತ್ಯ. ಆದರೆ ಎಂಜಿನ್ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಮುಂದೆ ಜನ ಜಪಸರ ಹೇಳುತ್ತಿದ್ದಾರೆ, ಹಿಂದಿನ ಸೀಟಿನಲ್ಲಿ ಮುದುಕ ಟ್ರಾಂಕಿಲೀನೋ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಾರೆ, ಎಲ್ಲದರ ಮೇಲೂ ನನ್ನ ಗಾಡಿಯದೇ ಸದ್ದು. ನಾಚಿಕೆಯಾಯಿತು. ಗೇರು ತೆಗೆದು ನ್ಯೂಟ್ರಲ್ಲಿಗೆ ಹಾಕಿದೆ.

ಆಮೇಲೆ ಎಂಥ ನಿಶ್ಶಬ್ದ, ಮಗಳೇ. ಪ್ರಾರ್ಥನೆಯ ಹಿಂದೆ ಗಾಡಿ ದೋಣಿಯ ಹಾಗೆ ತಾನಾಗಿ ಸಾಗಿತು. ಕಾಡು ಪ್ಲಮ್ ಗಿಡಗಳೆಲ್ಲ ಬಿಳಿಯಾಗಿ ಹೂ ಬಿಟ್ಟಿದ್ದವು. ಮೂರು ಮೈಲಿ ನಾನು ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬಂದೆ. ನಿಮ್ಮಪ್ಪ ಪಕ್ಕದಲ್ಲೇ ಕೂತಿದ್ದಾರೆ ಅನ್ನಿಸುವಷ್ಟು ಸುಖವಾಗಿದ್ದೆ. ಸುಟ್ಟ ವಾಸನೆ ಬಂತು. ಯಾರೋ ಕಾಲುವೆ ದಂಡೆಯ ಒಣಹುಲ್ಲಿಗೆ ಬೆಂಕಿ ಹಾಕಿದ್ದಾರೆ, ನೀರು ಬಿಡುವ ಕಾಲವಲ್ಲವೇ ಎಂದುಕೊಂಡೆ.

ಮುಂದಿನದು ನಿನಗೆ ಗೊತ್ತು. ಆ ವಾಸನೆ ಕಾದ ಬ್ರೇಕಿನದು; ಒತ್ತಿದರೆ ಕಾಲು ನೆಲಕ್ಕಿಳಿಯಿತು, ಗಾಡಿ ನಿಲ್ಲಲಿಲ್ಲ. ಹಾರ್ನ್ ಹೊಡೆದೆ. ಕೊನೆಯ ಸಾಲಿನಲ್ಲಿ ನೀಲಿ ವಸ್ತ್ರ ತಲೆಗೆ ಕಟ್ಟಿಕೊಂಡವಳು ತಿರುಗಿ ನೋಡಿದಳು. ಅದು ನೀನು. ನಿನ್ನಿಂದ ಒಂದು ಕೈ ಅಳತೆಯಲ್ಲಿ ಹಾದು ನಾನು ಗಾಡಿಯನ್ನು ಮಣ್ಣಿನ ದಿಬ್ಬಕ್ಕೆ ತಿರುಗಿಸಿದೆ. ಪ್ಲಮ್ ಹೂವು ಗಾಜಿನ ತುಂಬ ಉದುರಿತು. ಯಾರಿಗೂ ಏನೂ ಆಗಲಿಲ್ಲ.

ಎಲ್ಲರಿಗಿಂತ ಮೊದಲು ಓಡಿ ಬಂದು ಬಾಗಿಲು ತೆಗೆದವಳು ನೀನು. ನನ್ನ ಮುಖ ನೋಡಿದೆ, ಮುದುಕರನ್ನು ನೋಡಿದೆ, ಆಮೇಲೆ ನಿನ್ನ ಕಣ್ಣು ಗೇರಿನ ಹಿಡಿಯ ಮೇಲೆ ನಿಂತಿತು. ಅದು ನ್ಯೂಟ್ರಲ್ಲಿನಲ್ಲೇ ಇತ್ತು. ನೀನು ಕೈ ಚಾಚಿ, ಗಾಡಿ ಉರುಳದ ಹಾಗೆ ಅದನ್ನು ಪಾರ್ಕಿಗೆ ಸರಿಸಿದೆ. ಅಷ್ಟರಲ್ಲಿ ಉಳಿದವರು ಬಂದರು. "ಈ ಬ್ರೇಕ್ ಹಾಕಿದ್ದು ಯಾರು, ಪೆಟ್ರಾ?" ಎಂದು ಹಿಂದಿನಿಂದ ಟ್ರಾಂಕಿಲೀನೋ ಕೇಳಿದರು.

"ಮಗಳು" ಅಂದೆ.

ಅಷ್ಟೇ ಅಂದೆ. ಅದು ಸುಳ್ಳಲ್ಲ, ಸತ್ಯವೂ ಅಲ್ಲ. ನೀನು ನನ್ನ ಮುಖವನ್ನೊಮ್ಮೆ ನೋಡಿ, ಬಗ್ಗಿ, ಚೆಲ್ಲಿದ್ದ ನೀರಿನ ಬಾಟಲಿಗಳನ್ನು ಆರಿಸತೊಡಗಿದೆ. ಈಸ್ಟರ್ ಹೊತ್ತಿಗೆ ಕಣಿವೆಗೆಲ್ಲ ಸುದ್ದಿಯಾಗಿತ್ತು. ನಮ್ಮ ಮಕ್ಕಳು ಹತ್ತುವ ಬಸ್ಸನ್ನು ಒರಾಲಿಯಾ ಮುಟ್ಟುವುದು ಬೇಡ ಎಂದು ತಾಯಂದಿರು ದೂರು ಕೊಟ್ಟರಂತೆ, ನಿನ್ನ ಕೈಗೆ ಸ್ಪ್ಯಾನರ್ ಬದಲು ಬಸ್ಸು ತೊಳೆಯುವ ಪೈಪು ಬಂತಂತೆ. ಎಲಿಸೆಯೊ ಇದನ್ನು ಹೇಳಿದಾಗ ನಾನು ಒಲೆಯ ಮೇಲಿನ ಬೀನ್ಸ್ ಕಾಳನ್ನು ತಿರುವುತ್ತಾ ನಿಂತಿದ್ದೆ. ತಿರುವುತ್ತಲೇ ಇದ್ದೆ.

ಚಳಿಗಾಲಕ್ಕೆ ಮುಂಚೆ ಎಲಿಸೆಯೊಗೆ ಹೇಳಿ, ಗುಜರಿಗೆ ಬಂದ ಹೊಸಕಾಲದ ಗಾಡಿಯೊಂದರಿಂದ ನೀನು ಹೇಳಿದ್ದ ದೊಡ್ಡ ಬ್ರೇಕುಗಳನ್ನೇ ತರಿಸಿದೆ. ಅವನು ಕೂರಿಸಿಯೂ ಬಿಟ್ಟ. ಆದರೆ ಚಕ್ರ ಒಳಗೆ ಹೋಗಲಿಲ್ಲ, ಉಕ್ಕಿಗೆ ಉಕ್ಕು ತಾಗಿತು. "ಅಕ್ಕಾ, ಕಾಲು ಬೆಳೀತು, ಚಪ್ಪಲಿ ಬೆಳೀಲಿಲ್ಲ. ಒರಾಲಿಯಾನ ಕರಿ" ಅಂದ. ಕರೆಯಲಿಲ್ಲ. ಹಸು ಚಳಿಗಾಲವೆಲ್ಲ ಮುಂಗಾಲು ಬಿಚ್ಚಿಕೊಂಡು, ಮರದ ದಿಮ್ಮಿಗಳ ಮೇಲೆ, ಬೆನ್ನಿನ ತುಂಬ ಹಿಮ ಹೊತ್ತು ಅಂಗಳದಲ್ಲಿ ನಿಂತಿತು. ಅಡುಗೆಮನೆಯ ಕಿಟಕಿಯಿಂದ ಬೇರೇನೂ ಕಾಣುತ್ತಿರಲಿಲ್ಲ. ಎಲಿಸೆಯೊ ನಿನಗೆ ಫೋನ್ ಮಾಡಿದ್ದು ನನಗೆ ಗೊತ್ತಿಲ್ಲ ಎಂದು ಅವನು ತಿಳಿದಿದ್ದಾನೆ. ಹಾಗೇ ತಿಳಿದಿರಲಿ.

ಶನಿವಾರ ನೀನು ಒಂದಂಗುಲ ದೊಡ್ಡದಾದ ನಾಲ್ಕು ಚಕ್ರ ಹೇರಿಕೊಂಡು ಬಂದೆ. ನಮಸ್ಕಾರ ಹೇಳಿದೆ, ಮೊಳಕೆ ಗೋಧಿಯ ಪಾಯಸ ಕೊಟ್ಟರೆ ನಿಂತೇ ತಿಂದೆ. ಮಾವನ ಕೆಲಸವನ್ನೆಲ್ಲ ಬಿಚ್ಚಿ ಮತ್ತೆ ಕೂರಿಸಿದೆ. ಕೊನೆಗೆ ಬ್ರೇಕ್ ಆಯಿಲಿನ ಕೊಳವೆಯಿಂದ ಗಾಳಿ ತೆಗೆಯುವುದಕ್ಕೆ ಇನ್ನೊಬ್ಬರು ಬೇಕಾಯಿತು, ಎಲಿಸೆಯೊ ಎಲ್ಲೋ ಮಾಯವಾಗಿದ್ದ. ನಾನು ಸೀಟಿನ ಮೇಲೆ, ನೀನು ಚಕ್ರದ ಹತ್ತಿರ ನೆಲದ ಮೇಲೆ. ನಿನ್ನ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ.

"ಒತ್ತು."

"ಒತ್ತಿದೆ."

"ಹಿಡ್ಕೋ." ತಿರುಪು ಸಡಿಲಿಸಿದ ಸದ್ದು. "ಬಿಡು."

ಒಮ್ಮೆ ನೀನು ಹೇಳುವ ಮೊದಲೇ ನಾನು ಕಾಲು ತೆಗೆದೆ, ಗಾಳಿ ಮತ್ತೆ ಒಳಗೆ ಹೋಯಿತು. ಕೆಳಗಿನಿಂದ ನಿನ್ನ ದನಿ ಬಂತು: "ಜಪಸರದ ಮಧ್ಯೆ ಎದ್ದು ಹೋಗ್ತೀಯಾ ಅಮ್ಮ? ನಾನು ಹೇಳೋವರೆಗೂ ಕಾಲು ತೆಗೀಬೇಡ." ಎಪ್ಪತ್ತಾರು ವರ್ಷದಲ್ಲಿ ನನಗೆ ಹೀಗೆ ಹೇಳಿದವರಿಲ್ಲ. ತೆಗೆಯಲಿಲ್ಲ. ಒತ್ತು, ಹಿಡಿ, ಬಿಡು. ಕಾಫಿಯ ಬಣ್ಣದ ಹಳೆಯ ಆಯಿಲು ಹೋಗಿ ಜೇನಿನ ಬಣ್ಣದ ಹೊಸದು ಬಾಟಲಿಗೆ ಇಳಿಯಿತಂತೆ, ನೀನು ಹೇಳಿದೆ. ಮೆಲ್ಲಗೆ ಪೆಡಲು ಗಟ್ಟಿಯಾಗುತ್ತ ಬಂತು, ನನ್ನ ಕಾಲಿನ ಕೆಳಗೆ ನೆಲ ಹುಟ್ಟಿದ ಹಾಗೆ. ನಾನು ಅತ್ತೆ. ನೀನು ಕೆಳಗಿದ್ದೆ, ನಿನಗೆ ಕಾಣಲಿಲ್ಲ.

ಪ್ಯಾಡು ಪಳಗಲೆಂದು ಮೇಲಿನ ಬಯಲಿಗೆ ಹೋದೆವಲ್ಲ. ಹತ್ತು ಸಲ ಜೋರಾಗಿ ವೇಗ ತಗ್ಗಿಸಬೇಕು, ಪೂರ್ತಿ ನಿಲ್ಲಿಸಬಾರದು, ಆಮೇಲೆ ಬ್ರೇಕು ಮುಟ್ಟದೆ ಬಹಳ ದೂರ ಓಡಿಸಿ ತಣ್ಣಗಾಗಲು ಬಿಡಬೇಕು ಎಂದು ನೀನು ಹೇಳಿದೆ. ಕಿಟಕಿ ತೆರೆದು ಆ ಬಯಲಿನಲ್ಲಿ ಎಲ್ಲೂ ನಿಲ್ಲದೆ ಹೋಗುತ್ತಲೇ ಇದ್ದೆವು. ಬೆಟ್ಟಗಳು ಬಹಳ ಹೊತ್ತು ನಮ್ಮ ಜೊತೆಯಲ್ಲೇ ಬಂದವು. ಆಗ ಹೇಳಬೇಕಿತ್ತು. ನೀನು ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದೆ. ನಾನು ಓಡಿಸುತ್ತಿದ್ದ ಗಾಡಿಯಲ್ಲಿ ನೀನು ನಿದ್ದೆ ಹೋಗಿದ್ದೆ. ಎಬ್ಬಿಸಲು ಮನಸ್ಸಾಗಲಿಲ್ಲ.

ನಿನ್ನೆ ಗರಿಗಳ ಪೂಜೆ ಮುಗಿದ ಮೇಲೆ, ಜನ ಏಳುವ ಮೊದಲೇ ನಾನು ಎದ್ದು ನಿಂತೆ. "ಹೋದ ವರ್ಷ ಗೇರು ತೆಗೆದವಳು ನಾನು. ಬೇಡ ಅಂತ ಮೊದಲೇ ಹೇಳಿದ್ದವಳು ನನ್ನ ಮಗಳು. ಅವಳ ಕೆಲಸದಲ್ಲಿ ತಪ್ಪಿರಲಿಲ್ಲ" ಅಂದೆ. ಟ್ರಾಂಕಿಲೀನೋ, "ಇಷ್ಟಕ್ಕೆ ಒಂದು ವರ್ಷ ಬೇಕಾಯ್ತೇ ಪೆಟ್ರಾ? ನನ್ನ ಕತ್ತೆ ಇದಕ್ಕಿಂತ ಬೇಗ ದಾರಿಗೆ ಬಂದಿತ್ತು" ಅಂದರು. ಜನ ನಕ್ಕರು. ನಗಲಿ. ನಾಳೆ ನಿನ್ನ ಬಸ್ ಡಿಪೋಗೂ ಬಂದು ನಿನ್ನ ಮೇಲಿನವರಿಗೆ ಇದನ್ನೇ ಹೇಳುತ್ತೇನೆ. ನನ್ನನ್ನು ತಡೆಯಬೇಡ, ಜೊತೆಗೂ ಬರಬೇಡ.

ಈ ಶುಕ್ರವಾರ ಗಾಡಿ ನೀನು ಓಡಿಸು. ನಾನು ನಡೆಯುತ್ತೇನೆ. ಕೊನೆಯ ಸಾಲಿನಲ್ಲಿ, ನಿನ್ನ ಗಾಡಿಯ ಮೂತಿಗೆ ತೀರ ಹತ್ತಿರ, ಇಳಿಜಾರಿನುದ್ದಕ್ಕೂ. ಮಂಡಿಯ ವಿಷಯ ಎತ್ತಬೇಡ, ಅದು ನನ್ನ ಮಂಡಿ. ಒಂದನೇ ಗೇರಿನಲ್ಲೇ ಬಾ. ಎಂಜಿನ್ ಬೇಕಾದಷ್ಟು ಗುರುಗುಟ್ಟಲಿ, ನಾವು ಇನ್ನೂ ಗಟ್ಟಿಯಾಗಿ ಪ್ರಾರ್ಥನೆ ಹೇಳಿಕೊಳ್ಳುತ್ತೇವೆ. ನಾನು ಒಂದು ಸಲವೂ ಹಿಂದೆ ತಿರುಗಿ ನೋಡುವುದಿಲ್ಲ.

ದೇವರು ನಿನ್ನ ಎರಡು ಕೈಗಳನ್ನು ಹರಸಲಿ, ಉಗುರಿನ ಸಂದಿಯ ಗ್ರೀಸಿನ ಕಪ್ಪು ಸಮೇತ.

ನಿನ್ನ ತಾಯಿ
ಪೆಟ್ರೋನಿಲಾ