ದೇವಕಜ್ಜಿಯನ್ನು ಕರೆಯಲು

ಬಜಾಜ್ ನಗರ, ನಾಗಪುರ
ಶನಿವಾರ ಮಧ್ಯಾಹ್ನ

ಜಲಜಾ ಅಕ್ಕೋರಿಗೆ ತೇಜಸ್ ಮಾಡುವ ನಮಸ್ಕಾರ.

ಫೋನಿನಲ್ಲಿ ಮಾತಾಡಿದರೆ ಜಗಳ ಮಾಡಿಬಿಡುತ್ತೇನೆ. ಅದಕ್ಕೇ ಬರೆದು, ಫೋಟೊ ತೆಗೆದು ಕಳಿಸುತ್ತಿದ್ದೇನೆ.

ನಾಳೆ ಚಂಡಮಾರುತ ಬರುತ್ತದೆಂದು ನಮ್ಮ ಕೇರಿಯವರೆಲ್ಲ ನಿಮ್ಮ ಶಾಲೆಗೆ ಬಂದು ಉಳಿದಿದ್ದಾರಂತೆ. ನನ್ನ ಅಜ್ಜಿ ಮಾತ್ರ ಬಂದಿಲ್ಲ. ಪೊಲೀಸರು ಕರೆದರೆ, "ನನ್ನ ಮೊಮ್ಮಗ ಮೀನು ನಾರ್ತಾನೆ ಅಂದೋರ ಜಗಲಿ ನಾ ಹತ್ತೂದಿಲ್ಲ. ಸಮುದ್ರ ಬಂದ್ರೆ ಬರ್ಲಿ, ಅದೇನು ಮೂಗು ಮುಚ್ಕಂಡು ಬರ್ತದ್ಯಾ?" ಎಂದಳಂತೆ.

ಒಂಬತ್ತನೇ ತರಗತಿಯಲ್ಲಿ ನೀವು ಹಾಗೆ ಅಂದದ್ದು ನಿಜ. ಆದರೆ ನಾನು ಶಾಲೆ ಬಿಟ್ಟದ್ದು ಅದೊಂದಕ್ಕೇ ಅಲ್ಲ, ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಇದನ್ನೂ ಅಜ್ಜಿಗೆ ಹೇಳಿದ್ದೆ, ಅವಳು ನಂಬಲಿಲ್ಲ.

ಅಜ್ಜಿಯ ಪಕ್ಕದ ಮನೆಯ ಗಿರಿಧರಣ್ಣ ಬೆಳಿಗ್ಗೆ ಫೋನ್ ಮಾಡಿ, "ಅಕ್ಕೋರು ಹಾಗೆ ಅನ್ಲೇ ಇಲ್ಲ ಅಂತ ಒಂದು ಸುಳ್ಳು ಹೇಳೋ, ಹರಿಶ್ಚಂದ್ರ" ಎಂದು ಬೈದ. ಆಗ ಅಜ್ಜಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. ಈಗ ಹೇಳೋಣವೆಂದರೆ ಅಜ್ಜಿಯ ಫೋನ್ ಸ್ವಿಚ್ ಆಫ್ ಆಗಿದೆ.

ನಾನಿಲ್ಲಿ ಯಾರದೋ ಮನೆಯ ಕೂಲರ್ ರಿಪೇರಿ ಮಾಡುತ್ತಿದ್ದೇನೆ. ಹೊರಗೆ ಒಂದು ಎಲೆಯೂ ಅಲುಗುತ್ತಿಲ್ಲ. ಈಗಲೇ ರೈಲು ಹತ್ತಿದರೂ ಊರು ಮುಟ್ಟುವುದು ಸೋಮವಾರ.

ಆದ್ದರಿಂದ ನೀವೇ ಹೋಗಿ ಕರೆಯಿರಿ. ಮನೆ ಬಾಗಿಲಿಗೆ ಬಂದು ಕರೆದವರಿಗೆ ಅಜ್ಜಿ ಇವತ್ತಿನವರೆಗೆ ಇಲ್ಲ ಅಂದಿಲ್ಲ. ಚಾ ಕೊಟ್ಟರೆ ಬೇಡ ಅನ್ನದೆ ಕುಡಿಯಿರಿ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೂ ಕೈಮುಗಿದು ಕೇಳುತ್ತೇನೆ, ಗಾಳಿ ಏಳುವ ಮೊದಲೇ ಹೋಗಿ. ಅವಳಿಗೆ ಮೊಣಕಾಲು ನೋವು, ಬೇಗ ನಡೆಯಲಾರಳು.

ದೇವಕಜ್ಜಿಯ ಮೊಮ್ಮಗ,
ತೇಜಸ್